ಬಗ್ಗಿದ ಬೆನ್ನು ಮತ್ತು ಮನೆಗೆ ಬಂದ ಲಿಫ್ಟು



ಹೊಸೂರಿನ ಸುತ್ತಮುತ್ತಲಿನ ನಮ್ಮ ದುಡಿಯುವ ಮನೆಗಳಲ್ಲಿ ಈಗೊಂದು ಚರ್ಚೆ ನಡೆಯುತ್ತಿದೆ. ಮೋಟಾರ್ ಸೈಕಲನ್ನು ನೆಲದಿಂದ ಎತ್ತಿ ನಿಲ್ಲಿಸುವ ಲಿಫ್ಟನ್ನು ಮನೆಗೇ ತರಿಸಿಕೊಳ್ಳುವುದು ಸರಿಯೇ ಎಂಬುದು ಆ ಚರ್ಚೆ. ಮೊಬೈಲಿನಲ್ಲಿ ಬೆರಳಿಟ್ಟರೆ ವಾರದೊಳಗೆ ಪೆಟ್ಟಿಗೆ ಬಾಗಿಲಿಗೆ ಬರುತ್ತದೆ. ಕೆಲವರು ತರಿಸಿಯೂ ಆಯಿತು. ಇನ್ನು ಕೆಲವರು, "ಅದೆಲ್ಲ ದುಡ್ಡಿದ್ದವರ ಶೋಕಿ, ನಮ್ಮಪ್ಪ ಕುಕ್ಕರಗಾಲಲ್ಲಿ ಕೂತೇ ಇಡೀ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದರು" ಎನ್ನುತ್ತಾರೆ. ಕೂಲಿ, ಬೋನಸ್ಸು, ಭವಿಷ್ಯನಿಧಿಗಳ ಮಾತು ಬರಬೇಕಾದ ಜಾಗದಲ್ಲಿ ಜಾಕಿಯ ಮಾತು ಯಾಕೆ ಎಂದು ಕೇಳುವವರೂ ಉಂಟು. ಬೆನ್ನುನೋವಿನಿಂದ ರಜೆ ಹಾಕಿ ಕೂಲಿ ಕಳೆದುಕೊಂಡವರನ್ನು ಅವರು ವಿಚಾರಿಸಲಿ. ಆಗ ಈ ಮಾತು ಯಾಕೆ ಬಂತೆಂದು ತಿಳಿಯುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ಗಾಡಿಯನ್ನು ಎತ್ತರಕ್ಕೆ ತಂದು ಕೆಲಸ ಮಾಡುವುದು ಶೋಕಿಯಲ್ಲ, ನ್ಯಾಯವಾದ ಸೌಕರ್ಯ. ಆದರೆ ಈಗ ಅಂಗಡಿಯವರು ಮಾರುತ್ತಿರುವ ರೀತಿಯಲ್ಲಿ, ಒಂದೊಂದು ಮನೆಗೂ ಒಂದೊಂದು ಅಗ್ಗದ ಲಿಫ್ಟು, ಅದನ್ನು ಬಳಸುವ ಶಿಸ್ತು ಯಾರಿಗೂ ಗೊತ್ತಿಲ್ಲ ಎಂಬ ರೀತಿಯಲ್ಲಿ ಅದು ಬರಬಾರದು.

ನಮ್ಮ ಊರಿಗೂ ಎರಡು ಚಕ್ರದ ಗಾಡಿಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಇಬ್ಬರು ಕೂತು ಹೋಗಬಹುದಾದ ದೇಶದ ಮೊದಲ ಮೊಪೆಡ್ಡು, ಟಿವಿಎಸ್ 50, 1980ರಲ್ಲಿ ಹೊಸೂರಿನಿಂದಲೇ ಹೊರಬಂತು. ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಇಲ್ಲಿ ಆರಂಭವಾದದ್ದೂ ಅದೇ ವರ್ಷ. ಅಲ್ಲಿಂದೀಚೆಗೆ ನಮ್ಮ ಕನ್ನಡ, ತೆಲುಗು, ತಮಿಳು ಮನೆಗಳ ಎರಡು ತಲೆಮಾರು ನಟ್ಟು ಬೋಲ್ಟುಗಳ ನಡುವೆಯೇ ಬೆಳೆದಿವೆ. ಗಾಡಿ ಜೋಡಿಸುವ ಕಾರ್ಖಾನೆಯ ಸಾಲಿನಲ್ಲಿ ಗಾಡಿ ಆಳಿನ ಕೈಯ ಎತ್ತರಕ್ಕೆ ಬರುತ್ತದೆ. ಆಳು ನೆಟ್ಟಗೆ ನಿಂತು ತನ್ನ ಪಾಲಿನ ಬೋಲ್ಟು ಬಿಗಿಯುತ್ತಾನೆ. ಅದೇ ಆಳು ಭಾನುವಾರ ಮಧ್ಯಾಹ್ನ ತನ್ನ ಸ್ವಂತ ಗಾಡಿಯ ಚೈನು ಬಿಗಿಯಬೇಕಾದರೆ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಮೊಣಕಾಲು ಮಡಚಿ, ಕತ್ತು ತಿರುಚಿ ಕೂರುತ್ತಾನೆ. ವಾರವಿಡೀ ಬೇರೆಯವರ ಗಾಡಿಗೆ ನೆಟ್ಟಗೆ ನಿಂತವನು ತನ್ನ ಗಾಡಿಗೆ ಮಾತ್ರ ಬಗ್ಗಬೇಕೆಂದರೆ ಹೇಗೆ?

ಕೆಲಸವನ್ನು ಆಳಿನ ಎತ್ತರಕ್ಕೆ ತರಬೇಕೆಂಬುದು ದಯೆಯಿಂದ ಹುಟ್ಟಿದ ಯೋಚನೆಯಲ್ಲ. ಅಮೆರಿಕದ ಹೆನ್ರಿ ಫೋರ್ಡನ ಕಾರು ಕಾರ್ಖಾನೆಯಲ್ಲಿ 1914ರ ಆರಂಭದಲ್ಲಿ ಜೋಡಣೆಯ ಸಾಲನ್ನು ನೆಲದಿಂದ ಮೇಲಕ್ಕೆ ತಂದರು. ಒಂದು ಸಾಲು 26¾ ಅಂಗುಲ ಎತ್ತರ, ಇನ್ನೊಂದು 24½ ಅಂಗುಲ. ಎತ್ತರದ ಆಳುಗಳ ತಂಡ ಒಂದರಲ್ಲಿ, ಗಿಡ್ಡ ಆಳುಗಳ ತಂಡ ಇನ್ನೊಂದರಲ್ಲಿ. ಮೊದಲು ಒಂದು ಚಾಸಿಸ್ ಜೋಡಿಸಲು 12 ಗಂಟೆ 28 ನಿಮಿಷ ಹಿಡಿಯುತ್ತಿದ್ದದ್ದು ಆ ವರ್ಷ 1 ಗಂಟೆ 33 ನಿಮಿಷಕ್ಕೆ ಇಳಿಯಿತು. ಎತ್ತರವೊಂದರಿಂದಲೇ ಇಷ್ಟಾಯಿತೆಂದು ನಾವು ಹೇಳುವುದಿಲ್ಲ. ಸಾಲು ತಾನೇ ಚಲಿಸುತ್ತಿತ್ತು, ಕೆಲಸವನ್ನೂ ಚೂರು ಚೂರಾಗಿ ಹಂಚಿದ್ದರು. ಆದರೂ ಬಗ್ಗಿ ಏಳುವುದರಲ್ಲಿ ಎಷ್ಟು ವೇಳೆ, ಎಷ್ಟು ಶಕ್ತಿ ಪೋಲಾಗುತ್ತದೆಂದು ಮಾಲೀಕ ಗಡಿಯಾರ ಹಿಡಿದು ಅಳೆದಿದ್ದ. ಉಳಿದ ವೇಳೆಯೆಲ್ಲ ಅವನ ಲೆಕ್ಕಕ್ಕೆ ಹೋಯಿತು, ಆಳಿಗೆ ಹೆಚ್ಚು ವೇಗದ ಕೆಲಸ ಬಂತು. ಮನೆಯಲ್ಲಾದರೆ ಎತ್ತರಿಸಿ ಮಾಡಿದ ಕೆಲಸದಿಂದ ಉಳಿಯುವ ವೇಳೆಯೂ ನಮ್ಮದೇ, ಬೆನ್ನೂ ನಮ್ಮದೇ. ಹೀಗಿರುವಾಗ ಮಾಲೀಕ ಕಲಿತುಕೊಂಡದ್ದನ್ನು ನಾವು ಯಾಕೆ ಕಲಿಯಬಾರದು?

ಇನ್ನು ಲಿಫ್ಟಿನ ವಿಷಯಕ್ಕೆ ಬರೋಣ. ಲಿಫ್ಟು ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಹಿಂದಿನ ಚಕ್ರದ ಬಳಿ ಕೊಟ್ಟು ಸನ್ನೆಗೋಲಿನಂತೆ ಒತ್ತಿದರೆ ಹಿಂಭಾಗವಷ್ಟೇ ನಾಲ್ಕು ಬೆರಳು ಮೇಲೇಳುವ ಸ್ಟ್ಯಾಂಡು ಒಂದು. ಇಂಜಿನಿನ ಕೆಳಗೆ ಇಟ್ಟು ಸ್ಕ್ರೂ ತಿರುಗಿಸಿದರೆ ಕತ್ತರಿಯ ಕಾಲುಗಳಂತೆ ಏಳುವ ಜಾಕಿ ಇನ್ನೊಂದು. ಮೂರನೆಯದು ಗಾಡಿಯನ್ನು ಪೂರ್ತಿ ಮೇಲೆ ಹತ್ತಿಸಿಕೊಂಡು, ಕಾಲಿನಿಂದ ಪೆಡಲ್ ಒತ್ತಿದಂತೆ ಸೊಂಟದೆತ್ತರಕ್ಕೆ ಏರುವ ಎಣ್ಣೆಯ ಮೇಜು. ಕಂಪನಿ ಸರ್ವೀಸ್ ಸ್ಟೇಷನ್ನುಗಳಲ್ಲಿ ನೀವು ನೋಡಿರುವುದು ಈ ಮೂರನೆಯದು.

ನಿಮ್ಮ ಗಾಡಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಮೊದಲನೆಯದು ಬೇಕಾಗಿಯೇ ಇಲ್ಲ. ಕೆಟಿಎಂ ಡ್ಯೂಕಿನಂಥ ಗಾಡಿಗಳಿಗೆ ಸಿಂಗಲ್ ಸ್ಟ್ಯಾಂಡ್ ಮಾತ್ರ ಇರುವುದರಿಂದ ಹುಡುಗರಿಗೆ ಅದು ಬೇಕಾಗುತ್ತದೆ. ಅದಕ್ಕೆ ನಮ್ಮ ತಕರಾರಿಲ್ಲ. ಎರಡನೆಯದನ್ನು ಕೊಳ್ಳುವ ಮುಂಚೆ ಮಾತ್ರ ನೆಲಕ್ಕೆ ಮುಖವಿಟ್ಟು ನಿಮ್ಮ ಗಾಡಿಯ ಹೊಟ್ಟೆಯನ್ನೊಮ್ಮೆ ನೋಡಿ. ಜಾಕಿ ಕೂರಬೇಕಾದದ್ದು ಚೌಕಟ್ಟಿನ ಕಬ್ಬಿಣದ ಪೈಪುಗಳ ಮೇಲೆ. ಎಷ್ಟೋ ಗಾಡಿಗಳಲ್ಲಿ ಅಲ್ಲಿ ಪೈಪೇ ಇರುವುದಿಲ್ಲ. ಇಂಜಿನಿನ ಅಲ್ಯೂಮಿನಿಯಂ ತಳ, ಎಣ್ಣೆ ಬಿಡುವ ಬೋಲ್ಟು, ಪಕ್ಕಕ್ಕೆ ಸೈಲೆನ್ಸರ್, ಇಷ್ಟೇ ಇರುತ್ತದೆ. ಅಲ್ಯೂಮಿನಿಯಂ ತಳದ ಮೇಲೆ ಭಾರ ಬಿದ್ದು ಅದು ಸೀಳಿದರೆ ಲಿಫ್ಟಿನ ಬೆಲೆಯ ಹಲವು ಪಟ್ಟು ಖರ್ಚು ತಲೆಗೆ ಬರುತ್ತದೆ. ಮಾರುವವರು ಈ ಮಾತನ್ನು ಹೇಳುವುದಿಲ್ಲ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಒಂದು ಸಾಲು ಇದ್ದರೂ ಇರಬಹುದು. ಆದರೆ ಆ ಕಾಗದದಲ್ಲಿ ಕನ್ನಡವಿಲ್ಲ, ತಮಿಳಿಲ್ಲ, ತೆಲುಗೂ ಇಲ್ಲ. ಕೊಳ್ಳುವವನ ಭಾಷೆಯಲ್ಲಿ ದುಡ್ಡು ಕೇಳುವವರು ಎಚ್ಚರಿಕೆಯನ್ನು ಮಾತ್ರ ಬೇರೆ ಭಾಷೆಯಲ್ಲಿ ಕೊಡುವುದು ಅನ್ಯಾಯ. ಈ ಲೇಖನ ಇಷ್ಟು ಉದ್ದವಾಗುತ್ತಿರುವುದಕ್ಕೆ ಅದೂ ಒಂದು ಕಾರಣ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕಿಲೋ ಎತ್ತುತ್ತದೆ?" ಐದುನೂರು ಕಿಲೋ ಎಂದು ಬರೆದಿದ್ದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿರುವ ಗಾಡಿಗಳ ತೂಕ ಅಂಥದ್ದೇನೂ ಅಲ್ಲ. ಹೀರೋ ಸ್ಪ್ಲೆಂಡರ್ 112 ಕಿಲೋ, ಟಿವಿಎಸ್ ಎಕ್ಸ್‌ಎಲ್ 90 ಕಿಲೋಗೂ ಕಡಿಮೆ, ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ಸುಮಾರು 195 ಕಿಲೋ. ತೂಕ ಹೆಚ್ಚಾಗಿ ಜಾಕಿ ಮುರಿಯುವುದು ಅಪರೂಪ, ಗಾಡಿ ಪಕ್ಕಕ್ಕೆ ಉರುಳುವುದೇ ಹೆಚ್ಚು. ಒಂದು ಗೇಣಿನ ತಳದ ಮೇಲೆ ಎರಡು ಮೀಟರ್ ಉದ್ದದ ಗಾಡಿಯನ್ನು ನಿಲ್ಲಿಸಿ, ಬಿಗಿಯಾದ ನಟ್ಟಿಗೆ ಸ್ಪ್ಯಾನರ್ ಹಾಕಿ ಪೂರ್ತಿ ಬಲದಿಂದ ಎಳೆದರೆ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು. ಆದ್ದರಿಂದ ಕಿಲೋ ಕೇಳುವ ಮುಂಚೆ ತಳದ ಅಗಲ ಕೇಳಿ. ಬಿಗಿಯಾದ ನಟ್ಟುಗಳನ್ನೆಲ್ಲ ಗಾಡಿ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿಕೊಳ್ಳಿ, ಆಮೇಲೆ ಎತ್ತಿ. ಮಣ್ಣಿನ ನೆಲದಲ್ಲಿ ಯಾವ ಜಾಕಿಯನ್ನೂ ಇಡಬೇಡಿ. ಮಳೆಗಾಲದಲ್ಲಂತೂ ಒಂದು ಕಾಲು ಮೆಲ್ಲಗೆ ಇಳಿಯುವುದು ಕಣ್ಣಿಗೆ ಬೀಳುವುದೇ ಇಲ್ಲ.

ಎಣ್ಣೆಯ ಮೇಜಿನ ಗುಟ್ಟು ತಿಳಿದವರಿಗೆ ಅದರ ಅಪಾಯವೂ ತಿಳಿಯುತ್ತದೆ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟ. ಎಸ್.ಎಸ್.ಎಲ್.ಸಿ.ವರೆಗೆ ಓದಿದ ನಮಗೂ ಇಷ್ಟು ನೆನಪಿದೆ. ಅದನ್ನು ಹಿಡಿದು ಇಂಗ್ಲೆಂಡಿನ ಬ್ರಾಮಾ ಎಂಬ ಕುಶಲಕರ್ಮಿ 1795ರಲ್ಲಿ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದ. ಚಿಕ್ಕ ಕೊಂತಕ್ಕಿಂತ ದೊಡ್ಡ ಕೊಂತದ ವಿಸ್ತೀರ್ಣ ಇಪ್ಪತ್ತು ಪಟ್ಟು ಇದ್ದರೆ ಹತ್ತು ಕಿಲೋ ಒತ್ತಿದ ಕಾಲು ಇನ್ನೂರು ಕಿಲೋ ಎತ್ತುತ್ತದೆ. ಬದಲಿಗೆ ಇಪ್ಪತ್ತು ಅಂಗುಲ ಒತ್ತಿದರೆ ಒಂದು ಅಂಗುಲ ಏರುತ್ತದೆ, ಅಷ್ಟೇ. ಒಳ್ಳೆಯ ವ್ಯಾಪಾರವೇ. ಆದರೆ ಎತ್ತಿದ ಮೇಲೆ ಆ ಇನ್ನೂರು ಕಿಲೋ ನಿಂತಿರುವುದು ಯಾವುದರ ಮೇಲೆ? ಬಳೆಯಷ್ಟು ದೊಡ್ಡ ಒಂದು ರಬ್ಬರ್ ಉಂಗುರ ಎಣ್ಣೆಯನ್ನು ಹಿಡಿದಿಟ್ಟುಕೊಂಡಿದೆ ಎಂಬ ನಂಬಿಕೆಯ ಮೇಲೆ. ರಬ್ಬರ್ ಸವೆಯುತ್ತದೆ, ಒಣಗಿ ಬಿರಿಯುತ್ತದೆ. ಅದಕ್ಕಾಗಿಯೇ ಒಳ್ಳೆಯ ಮೇಜುಗಳಿಗೆ ಕಬ್ಬಿಣದ ಅಡ್ಡಕಂಬಿ ಇರುತ್ತದೆ. ಬೇಕಾದ ಎತ್ತರಕ್ಕೆ ಎತ್ತಿ, ಆ ಕಂಬಿಯನ್ನು ತೂರಿಸಿ, ಮೇಜನ್ನು ಮತ್ತೆ ಒಂದಿಷ್ಟು ಇಳಿಸಿ ಭಾರವನ್ನೆಲ್ಲ ಕಂಬಿಯ ಮೇಲೆ ಕೂರಿಸಬೇಕು. ಎಣ್ಣೆ ಇರುವುದು ಎತ್ತಲಿಕ್ಕೆ, ಹಿಡಿದು ನಿಲ್ಲಲಿಕ್ಕೆ ಕಬ್ಬಿಣ. ಅಡ್ಡಕಂಬಿ ಇಲ್ಲದ ಮೇಜು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಯೊಳಕ್ಕೆ ಬರಬಾರದು ಎಂಬುದು ನಮ್ಮ ಖಂಡಿತವಾದ ಮಾತು.

ಗಾಡಿಯನ್ನು ಮೇಜಿನ ಮೇಲೆ ಓಡಿಸಿಕೊಂಡು ಹತ್ತಿಸುವ ಹುಡುಗಾಟಿಕೆಯೂ ಬೇಡ. ಇಂಜಿನ್ ಆರಿಸಿ, ಒಬ್ಬರು ಹ್ಯಾಂಡಲ್ ಹಿಡಿದು, ಇನ್ನೊಬ್ಬರು ಹಿಂದಿನಿಂದ ತಳ್ಳಿ ಹತ್ತಿಸಬೇಕು. ಮುಂದಿನ ಚಕ್ರವನ್ನು ಹಿಡಿಕೆಗೆ ಸಿಕ್ಕಿಸಿ, ಎರಡೂ ಪಕ್ಕಕ್ಕೆ ಪಟ್ಟಿ ಬಿಗಿದು, ಒಂದು ಗೇಣು ಮಾತ್ರ ಎತ್ತಿ ಅಲುಗಾಡಿಸಿ ನೋಡಿ. ಆಮೇಲೆ ಮೇಲಕ್ಕೆ.

ಬೀದಿಯ ಗ್ಯಾರೇಜುಗಳಲ್ಲಿ ಮುಂದಿನ ಚಕ್ರ ಬಿಚ್ಚಬೇಕಾದಾಗ ಒಬ್ಬ ಹುಡುಗನನ್ನು ಹಿಂದಿನ ಸೀಟಿನ ತುದಿಯಲ್ಲಿ ಕೂರಿಸುತ್ತಾರೆ. ಅವನ ಭಾರಕ್ಕೆ ಗಾಡಿಯ ಮೂತಿ ಮೇಲೇಳುತ್ತದೆ. ಹುಡುಗನಿಗೆ ಯಾರೋ ಚಹಾಕ್ಕೆ ಕರೆದರೆಂದು ಇಳಿದರೆ ಗಾಡಿ ಮುಂದಕ್ಕೆ ಕುಸಿಯುತ್ತದೆ, ಫೋರ್ಕಿನ ಬಳಿ ಕೈಯಿಟ್ಟವನ ಗತಿ ಹೇಳುವುದು ಬೇಡ. ಒಂದು ಮಗುವನ್ನು ಕಲ್ಲುಗುಂಡಿನ ಬದಲಿಗೆ ಬಳಸುವ ಈ ಪದ್ಧತಿಯನ್ನು ನಾವು ಕಂಡೂ ಕಾಣದಂತೆ ಇರುವುದು ಸರಿಯಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿಯ ಮೂಲಕ ಕಾಯಿದೆ ಪೂರ್ತಿಯಾಗಿ ನಿಷೇಧಿಸಿದೆ. ಅದಕ್ಕಿಂತ ದೊಡ್ಡ ಹುಡುಗನಾದರೂ ಅವನು ಭಾರದ ಕಲ್ಲಲ್ಲ. ಇಂಜಿನಿನ ಕೆಳಗೆ ಒಂದು ಗಟ್ಟಿ ಮರದ ದಿಮ್ಮಿ ಕೊಟ್ಟರೆ ಆ ಕೆಲಸ ಆಗುತ್ತದೆ.

ಲಿಫ್ಟು ಬಂದಮೇಲೆ ಹೆಚ್ಚುವ ಒಂದು ಅಪಾಯವನ್ನೂ ಹೇಳಬೇಕು. ಹಿಂದಿನ ಚಕ್ರ ನೆಲ ಬಿಟ್ಟಿತೆಂದರೆ ನಮ್ಮ ತರುಣರಿಗೆ ಇಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯುವ ಚಪಲ. ಬಟ್ಟೆ ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿದರೆ ಬೆರಳು ಹಿಂದಕ್ಕೆ ಬರುವುದಕ್ಕೆ ವೇಳೆಯಿಲ್ಲ. ಕಾರ್ಖಾನೆಯಲ್ಲಿ ಓಡುವ ಚೈನಿಗೆ ತಗಡಿನ ಮುಚ್ಚಳವಿಲ್ಲದಿದ್ದರೆ ನಾವೇ ಸೂಪರ್‌ವೈಸರ್ ಮುಂದೆ ನಿಂತು ಜಗಳವಾಡುತ್ತೇವೆ. ಮನೆಯಲ್ಲಿ ಸೂಪರ್‌ವೈಸರ್ ಇಲ್ಲವೆಂದು ಬೆರಳಿನ ಬೆಲೆ ಕಡಿಮೆಯಾಯಿತೇ? ಬೀಗದಕೈ ತೆಗೆದು ಜೇಬಿನಲ್ಲಿಟ್ಟುಕೊಂಡು, ಗೇರ್ ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಐದುನೂರು ಸಾವಿರ ಕಿಲೋಮೀಟರಿಗೊಮ್ಮೆ ಬರುವ ಕೆಲಸ ಅದು, ಹತ್ತು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ. ಚೈನು ತೊಳೆಯಲು ಪೆಟ್ರೋಲ್ ಬೇಡ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಸಾಕು. ಮತ್ತೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಬಂದದ್ದು ಗೊತ್ತಾಗುವುದರೊಳಗೆ ಮನುಷ್ಯ ಬಿದ್ದಿರುತ್ತಾನೆ.

ಇಷ್ಟೆಲ್ಲ ಕೇಳಿ, "ಹಾಗಾದರೆ ಲಿಫ್ಟೇ ಬೇಡ ಬಿಡಿ" ಎನ್ನುವವರಿಗೆ ನಮ್ಮದೊಂದು ಹಳ್ಳಿಯ ಸಲಹೆ ಇದೆ. ಸ್ವಂತ ಅಂಗಳವಿದ್ದವರು ಒಂದು ಕಟ್ಟೆ ಕಟ್ಟಿಸಿಕೊಳ್ಳಲಿ. ಒಂದೂವರೆ ಅಡಿ ಎತ್ತರ, ಏಳೆಂಟು ಅಡಿ ಉದ್ದ, ಮೂರು ಅಡಿ ಅಗಲ ಸಾಕು. ಮೇಲೆ ಕಡಪ ಕಲ್ಲು ಹಾಸಬೇಡಿ, ಎಣ್ಣೆ ಬಿದ್ದರೆ ಜಾರುತ್ತದೆ. ಒರಟಾದ ಸಿಮೆಂಟೇ ಚೆನ್ನ. ಆರಡಿ ಹಲಗೆಯೊಂದನ್ನು ಇಳಿಜಾರಿಗೆ ಕೊಟ್ಟು ಗಾಡಿ ಹತ್ತಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಕೆಳಗೆ ಮಣೆ ಹಾಕಿಕೊಂಡು ಕೂತರೆ ಚೈನು, ಚಕ್ರ, ಎಣ್ಣೆಯ ಬೋಲ್ಟು ಎಲ್ಲ ಎದೆಯ ಎತ್ತರಕ್ಕೆ ಬರುತ್ತವೆ. ಕಟ್ಟೆಗೆ ರಬ್ಬರ್ ಉಂಗುರವಿಲ್ಲ, ಅದು ತಾನಾಗಿ ಇಳಿಯುವುದೂ ಇಲ್ಲ. ಸಂಜೆ ಹೆಂಗಸರು ಸೊಪ್ಪು ಬಿಡಿಸಲು ಕೂರಬಹುದು. ಆದರೆ ಲೆಕ್ಕ ತಿಳಿದಿರಲಿ: ಆರಡಿ ಹಲಗೆಯಲ್ಲಿ ಒಂದೂವರೆ ಅಡಿ ಏರಬೇಕಾದರೆ ಗಾಡಿಯ ತೂಕದ ಕಾಲು ಭಾಗದಷ್ಟು ಬಲ ಬೇಕು. ಸ್ಪ್ಲೆಂಡರಿಗೆ 28 ಕಿಲೋ, ಕ್ಲಾಸಿಕ್‌ಗೆ ಸುಮಾರು 49. ಒಬ್ಬರಿಂದ ಆಗುವ ಕೆಲಸವಲ್ಲ. ಹಲಗೆ ಹಿಂದಕ್ಕೆ ಜಾರದಂತೆ ಕೊಕ್ಕೆ ಹಾಕಿರಬೇಕು.

ಬಾಡಿಗೆ ವಠಾರಗಳಲ್ಲಿ ಇರುವವರಿಗೆ ಕಟ್ಟೆಯೂ ಇಲ್ಲ, ಮೇಜು ಇಡುವ ಜಾಗವೂ ಇಲ್ಲ. ಅವರಿಗಾಗಿ ನಾವು ಒಂದು ಪ್ರಸ್ತಾಪವನ್ನು ಮುಂದಿಡುತ್ತೇವೆ. ಅದರೊಂದಿಗೇ ಇನ್ನೊಂದು ಆಕ್ಷೇಪಣೆಗೂ ಉತ್ತರ ಕೊಡುತ್ತೇವೆ. ಆಕ್ಷೇಪಣೆ ಇದು: ಎಲ್ಲರೂ ಮನೆಯಲ್ಲೇ ಗಾಡಿ ನೋಡಿಕೊಂಡರೆ ಬೀದಿಯ ಮೆಕ್ಯಾನಿಕ್ ಏನು ತಿನ್ನಬೇಕು? ಈ ಮಾತನ್ನು ತಳ್ಳಿಹಾಕುವಂತಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದು, ಹೆಚ್ಚಿನ ಹೊಸ ಗಾಡಿಗಳಿಂದ ಕಾರ್ಬೊರೇಟರೇ ಹೋಯಿತು. ಕಿವಿಯಲ್ಲಿ ಕೇಳಿ, ಸ್ಕ್ರೂ ತಿರುಗಿಸಿ ಇಂಜಿನಿನ ಉಸಿರು ಸರಿಮಾಡುತ್ತಿದ್ದ ಕಸುಬುದಾರನ ಅರ್ಧ ವಿದ್ಯೆ ಮೂಲೆ ಸೇರಿತು. ಉಳಿದದ್ದು ಚೈನು, ಬ್ರೇಕು, ಚಕ್ರ, ಫೋರ್ಕು. ಇವೆಲ್ಲ ನೆಲಕ್ಕೆ ಕೂತು ಮಾಡುವ ಕೆಲಸ. ನಾವು ತಿಂಗಳಿಗೊಮ್ಮೆ ಬಗ್ಗಿದರೆ ಅವನು ದಿನಕ್ಕೆ ಹತ್ತು ಗಾಡಿಗೆ ಬಗ್ಗುತ್ತಾನೆ. ನಲವತ್ತಕ್ಕೇ ಮೊಣಕಾಲು ಹಿಡಿದುಕೊಂಡು ಏಳುವ ಮೆಕ್ಯಾನಿಕ್‌ಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಭಾರ ಎತ್ತುವ ಯಂತ್ರ, ಸರಪಳಿಗಳನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ಎಷ್ಟು ಭಾರಕ್ಕೆ ತಕ್ಕುದೆಂದು ಗುರುತಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು ಹೇಳಿತ್ತು. ಮೈಗೆ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 34ನೆಯ ಕಲಮು ಹೇಳಿತ್ತು. ಒಳ್ಳೆಯ ಕಲಮುಗಳೇ. ಆದರೆ ಇಬ್ಬರು ಮೂವರು ಹುಡುಗರ ಬೀದಿ ಗ್ಯಾರೇಜು ಕಾರ್ಖಾನೆ ಎಂಬ ಮಾತಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗಿನ ಹೊಸ ಸಂಹಿತೆಯಲ್ಲಿ ಕಾರ್ಖಾನೆ ಎನ್ನಿಸಿಕೊಳ್ಳಲು ಬೇಕಾದ ಆಳುಗಳ ಸಂಖ್ಯೆಯನ್ನು ಇನ್ನೂ ಮೇಲಕ್ಕೆ ಏರಿಸಿದ್ದಾರೆ. ಯಾವ ಇನ್‌ಸ್ಪೆಕ್ಟರೂ ಅವನ ಬಾಗಿಲಿಗೆ ಬರುವುದಿಲ್ಲ.

ಆದ್ದರಿಂದ ನಮ್ಮ ಪ್ರಸ್ತಾಪ ಹೀಗಿದೆ. ಒಂದು ಬೀದಿಯ ಎಂಟು ಹತ್ತು ಮನೆಯವರು ಚೀಟಿ ಹಾಕಿದಂತೆ ದುಡ್ಡು ಕೂಡಿಸಿ ಅಡ್ಡಕಂಬಿ ಇರುವ ಒಂದು ಗಟ್ಟಿ ಮೇಜನ್ನು ಕೊಳ್ಳಲಿ, ಅದನ್ನು ಆ ಬೀದಿಯ ಮೆಕ್ಯಾನಿಕ್‌ನ ಅಂಗಡಿಯಲ್ಲೇ ಇಡಲಿ. ವಾರದ ಆರು ದಿನ ಅವನು ಬಳಸಲಿ. ಭಾನುವಾರ ಮಧ್ಯಾಹ್ನದ ಮೇಲೆ ಮನೆಯವರ ಸರದಿ. ಚೈನು, ಎಣ್ಣೆ, ಏರ್ ಫಿಲ್ಟರಿನಂಥ ಸಣ್ಣ ಕೆಲಸ ನಾವೇ ಮಾಡಿಕೊಳ್ಳೋಣ. ಬ್ರೇಕು, ಫೋರ್ಕು, ಬೇರಿಂಗಿಗೆ ಕೈಹಾಕದೆ ಅವನಿಗೇ ಕೂಲಿ ಕೊಟ್ಟು ಮಾಡಿಸೋಣ. ಇದು ಅವನಿಗೆ ಕೊಡುವ ದಾನವಲ್ಲ. ಜಾಗ ಅವನದು, ನೆಲದ ಬಾಡಿಗೆ ಅವನದು, ಯಂತ್ರದ ಕಾವಲೂ ಅವನದೇ. "ಅವನು ನಮ್ಮ ಯಂತ್ರದಲ್ಲಿ ದುಡಿದು ಲಾಭ ಮಾಡಿಕೊಳ್ಳುತ್ತಾನಲ್ಲ" ಎಂದು ಮುಖ ಸಿಂಡರಿಸುವವರು ಇದ್ದೇ ಇರುತ್ತಾರೆ. ಮಾಡಿಕೊಳ್ಳಲಿ. ನಮ್ಮ ಗಾಡಿಯ ಬ್ರೇಕನ್ನು ನಡು ನೋಯದ ಮನುಷ್ಯ ಬಿಗಿದಿದ್ದಾನೆಂಬುದು ನಮಗೆ ಬರುವ ಲಾಭ.

ಸ್ಕೂಟರಿನಲ್ಲಿ ಪಾಳಿಗೆ ಹೋಗುವ ಸಹೋದರಿಯರನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಗಾಡಿಯ ಕೆಲಸ ಗಂಡಸರದೆಂಬ ಮಾತು ಇಲ್ಲಿಯವರೆಗೆ ನಡೆದದ್ದು ಎತ್ತುವ ಭಾರದ ನೆಪದಲ್ಲಿ. ಹತ್ತು ಕಿಲೋ ಒತ್ತಿದರೆ ಇನ್ನೂರು ಕಿಲೋ ಏಳುವ ಮೇಜು ಬಂದಮೇಲೆ ಆ ನೆಪವೂ ಉಳಿಯುವುದಿಲ್ಲ.

ಕೊಂಡವರು ಒಂದು ಪುಸ್ತಕ ಇಡಲಿ. ತಿಂಗಳಿಗೊಮ್ಮೆ ಯಾರಾದರೊಬ್ಬರು ಎಣ್ಣೆ ಜಿನುಗಿದೆಯೇ, ಕಂಬಿ ಬಾಗಿದೆಯೇ, ಪಟ್ಟಿ ಹರಿದಿದೆಯೇ ಎಂದು ನೋಡಿ ಸಹಿ ಹಾಕಲಿ. ಕೆಲಸ ಮುಗಿದಮೇಲೆ ಮೇಜು ಪೂರ್ತಿ ಕೆಳಗಿಳಿದಿರಬೇಕು. ಮಕ್ಕಳಿಗೆ ಪೆಡಲ್ ಒಂದು ಆಟದ ಸಾಮಾನು, ಆದ್ದರಿಂದ ಅದನ್ನು ಕಳಚಿ ಒಳಗಿಡಬೇಕು. ಆಯುಧಪೂಜೆಯ ಮುಂಚಿನ ವಾರ, ಕ್ರಿಸ್ಮಸ್ಸಿನ ಮುಂಚಿನ ವಾರ ಎಲ್ಲರಿಗೂ ಒಟ್ಟಿಗೆ ಬೇಕಾಗಿ ಜಗಳ ಬರುವುದು ಖಂಡಿತ. ಆ ಎರಡು ವಾರ ರಾತ್ರಿ ಪಾಳಿಯವರಿಗೆ ಮೊದಲ ಸರದಿ ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು.